ಮೋಟಾರ್ ಸೈಕಲ್ ಭಾಗಗಳ ಥ್ರೆಡ್ ದುರಸ್ತಿ

ಎಂಜಿನ್ ಕವಚ, ಸಿಲಿಂಡರ್ ಹೆಡ್, ಬ್ರೇಕ್ ಕ್ಯಾಲಿಪರ್, ಆಕ್ಸಲ್ ಮೊದಲಾದ ಕಡೆ ಬೋಲ್ಟು, ಸ್ಟಡ್ಡು, ಪ್ಲಗ್ಗುಗಳು ಕಚ್ಚಿಕೊಳ್ಳುವ ತಿರುಪಿನ ಹಲ್ಲುಗಳು ಸವೆದೋ ಕಿತ್ತೋ ಹಾಳಾದಾಗ ಅವಕ್ಕೆ ಮತ್ತೆ ಹಿಡಿತ ಕೊಡುವ ಕೆಲಸ. ‘ಥ್ರೆಡ್ ಹೋಗಿದೆ’, ‘ಬೋಲ್ಟ್ ಫ್ರೀ ತಿರುಗ್ತಿದೆ’ ಎಂದು ಗ್ಯಾರೇಜಿನಲ್ಲಿ ಹೇಳುವುದು ಹಲ್ಲು ಹೀಗೆ ಹಾಳಾದದ್ದನ್ನೇ. ಹೆಚ್ಚಿನ ಸಂದರ್ಭಗಳಲ್ಲಿ ಕೆಡುವುದು ಉಕ್ಕಿನ ಬೋಲ್ಟಲ್ಲ, ಅದು ಕೂರುವ ಅಲ್ಯೂಮಿನಿಯಂ ರಂಧ್ರ. ಬೋಲ್ಟಿಗೆ ಕೆಲವೇ ರೂಪಾಯಿ. ರಂಧ್ರವಿರುವ ಕ್ರ್ಯಾಂಕ್‌ಕೇಸಿಗೋ ಹೆಡ್ಡಿಗೋ ಸಾವಿರಗಟ್ಟಲೆ. ಬದಲಾಯಿಸಬೇಕೆಂದರೆ ಎಂಜಿನ್ನನ್ನೇ ಪೂರ್ತಿ ಬಿಚ್ಚಬೇಕಾಗಬಹುದು. ಹೀಗಾಗಿ ಒಂದು ರಂಧ್ರವನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಅದರದೇ ಆದ ಉಪಕರಣಗಳೂ ಪದ್ಧತಿಗಳೂ ಬೆಳೆದುಬಂದಿವೆ.

ಇಂಥ ದುರಸ್ತಿಯನ್ನು ತೇಪೆ ಕೆಲಸವೆಂದು ತಿಳಿಯುವವರು ಬಹಳ. ಅದು ಸರಿಯಲ್ಲ. ಅಲ್ಯೂಮಿನಿಯಂ ರಂಧ್ರಕ್ಕೆ ಉಕ್ಕಿನ ಒಳಸುತ್ತು ಕೂರಿಸುವ ಕ್ರಮವನ್ನು ವಿಮಾನದ ಭಾಗಗಳಲ್ಲಿ ಹೊಸದಾಗಿ ತಯಾರಿಸುವಾಗಲೇ ಅನುಸರಿಸುತ್ತಾರೆ. ಸರಿಯಾಗಿ ಮಾಡಿದರೆ ದುರಸ್ತಿಯಾದ ಥ್ರೆಡ್ ಕಾರ್ಖಾನೆಯಿಂದ ಬಂದದ್ದಕ್ಕಿಂತ ಗಟ್ಟಿ. ಆದರೆ ‘ಸರಿಯಾಗಿ’ ಎಂಬ ಮಾತಿನೊಳಗೆ ಮುಖ್ಯವಾಗಿ ಅಡಗಿರುವುದು ಒಂದೇ ಸಂಗತಿ: ಡ್ರಿಲ್ ನೇರವಾಗಿ ಇಳಿಯಿತೇ ಇಲ್ಲವೇ ಎಂಬುದು.

ತಿರುಪಿನ ಲೆಕ್ಕ

ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಒಂದು ಸುತ್ತಿಗೆ ಬೋಲ್ಟು ಎಷ್ಟು ಮುಂದೆ ಸಾಗುತ್ತದೋ ಅದೇ ಪಿಚ್. ಎಂ8×1.25 ಎಂದು ಬರೆದಿದ್ದರೆ ಹೊರವ್ಯಾಸ 8 ಮಿಮೀ, ಪಿಚ್ 1.25 ಮಿಮೀ. ಮೆಟ್ರಿಕ್ ಥ್ರೆಡ್ಡಿನ ಹಲ್ಲುಗಳ ನಡುವಿನ ಕೋನ 60 ಡಿಗ್ರಿ. ಇಂದಿನ ಮೋಟಾರ್ ಸೈಕಲ್ಲುಗಳಲ್ಲಿ ಎಂ6×1.0 ಮತ್ತು ಎಂ8×1.25 ಎಲ್ಲೆಲ್ಲೂ ಕಾಣುತ್ತವೆ. ಎಂ10ರಲ್ಲಿ 1.25 ಮತ್ತು 1.5 ಎರಡು ಪಿಚ್‌ಗಳೂ ಬಳಕೆಯಲ್ಲಿವೆ. ಒಂದರ ಬೋಲ್ಟನ್ನು ಇನ್ನೊಂದರ ರಂಧ್ರಕ್ಕೆ ಒತ್ತಿ ತಿರುಗಿಸಿದರೆ ಹಲ್ಲು ಉಳಿಯುವುದಿಲ್ಲ.

ಪಾನಾದ ಮೇಲೆ ಹಾಕಿದ ಬಲವೆಲ್ಲ ಬಿಗಿತವಾಗುವುದಿಲ್ಲ. ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಶೇಕಡ 40ರಷ್ಟು ಹಲ್ಲುಗಳ ನಡುವಿನ ಘರ್ಷಣೆಗೆ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯಲು ಒದಗುವುದು ಉಳಿದ ಹತ್ತನೆಯ ಒಂದು ಪಾಲು ಮಾತ್ರ. ಆ ಹತ್ತನೆಯ ಪಾಲೇ ಎಷ್ಟು ದೊಡ್ಡದು ನೋಡಿ. ಎಂಜಿನ್ ಕವರಿನ ಎಂ6 ಬೋಲ್ಟನ್ನು 10 ನ್ಯೂಟನ್ ಮೀಟರ್ ಟಾರ್ಕಿಗೆ ಬಿಗಿದರೆ ಅದರೊಳಗೆ ಸುಮಾರು 8,300 ನ್ಯೂಟನ್ ಎಳೆತ ಹುಟ್ಟುತ್ತದೆ. ಅಂದರೆ ಕಿರುಬೆರಳಿಗಿಂತ ತೆಳ್ಳಗಿನ ಬೋಲ್ಟಿಗೆ 850 ಕಿಲೋ ತೂಗುಹಾಕಿದ ಹಾಗೆ. ಈ ಭಾರವನ್ನು ಎಲ್ಲ ಹಲ್ಲುಗಳೂ ಸಮನಾಗಿ ಹೊರುವುದಿಲ್ಲ. ತಲೆಗೆ ಹತ್ತಿರದ ಮೊದಲ ಹಲ್ಲೇ ಮೂರನೆಯ ಒಂದರಷ್ಟನ್ನು ಹೊರುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಎಣ್ಣೆ ಹಚ್ಚಿ, ಒಣ ಥ್ರೆಡ್ಡಿಗೆ ಹೇಳಿದ ಟಾರ್ಕಿಗೇ ಬಿಗಿದರೆ ಘರ್ಷಣೆ ಇಳಿದು, ಉಳಿದ ಬಲವೆಲ್ಲ ಎಳೆತಕ್ಕೇ ಸೇರುತ್ತದೆ. ಮೃದುವಾಗಿ ಕೂರಲಿ ಎಂದು ಹಚ್ಚಿದ ಎಣ್ಣೆಯೇ ಹಲ್ಲು ಕೀಳಲು ಕಾರಣವಾಗುವುದು ಹೀಗೆ.

ಉಕ್ಕಿನಲ್ಲಿ ಬೋಲ್ಟಿನ ವ್ಯಾಸದಷ್ಟು ಆಳದ ಥ್ರೆಡ್ ಸಾಕು. ಅಲ್ಯೂಮಿನಿಯಂಗೆ ವ್ಯಾಸದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಬೇಕು. ಕಂಪನಿ ಕೊಟ್ಟ ಬೋಲ್ಟಿನ ಜಾಗದಲ್ಲಿ ಡಬ್ಬಿಯಲ್ಲಿ ಸಿಕ್ಕ 5 ಮಿಮೀ ಗಿಡ್ಡ ಬೋಲ್ಟು ಹಾಕಿದರೆ ಅದೂ ಬಿಗಿಯಾದಂತೆಯೇ ಅನಿಸುತ್ತದೆ. ಭಾರವೆಲ್ಲ ಮೇಲಿನ ನಾಲ್ಕೈದು ಹಲ್ಲಿನ ಮೇಲೆ ಬಿದ್ದಿದೆ ಎಂಬುದು ಗೊತ್ತಾಗುವುದು ಮುಂದಿನ ಸರ್ವೀಸಿನಲ್ಲಿ.

ಅಳತೆಗಳ ಹಿನ್ನೆಲೆ

ಹಳೆಯ ಗಾಡಿಯ ಥ್ರೆಡ್ ದುರಸ್ತಿ ಮಾಡುವವರಿಗೆ ಸ್ವಲ್ಪ ಚರಿತ್ರೆಯೂ ಬೇಕಾಗುತ್ತದೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಏಕರೂಪದ ಥ್ರೆಡ್ಡನ್ನು ಸೂಚಿಸಿದ. ಅಲ್ಲಿಯವರೆಗೆ ಒಂದೊಂದು ಕಾರ್ಖಾನೆಯ ತಿರುಪೂ ಒಂದೊಂದು ತರಹ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಪದ್ಧತಿಯನ್ನು ಮುಂದಿಟ್ಟ. ಬ್ರಿಟಿಷ್ ಮೋಟಾರ್ ಸೈಕಲ್ಲುಗಳಲ್ಲಿ ವಿಟ್‌ವರ್ತ್, ಅದರ ಸಣ್ಣ ಪಿಚ್ಚಿನ ರೂಪವಾದ ಬಿಎಸ್‌ಎಫ್, ಇಂಚಿಗೆ 26 ಹಲ್ಲಿನ ‘ಸೈಕಲ್ ಥ್ರೆಡ್’ ಎಲ್ಲವೂ ಒಂದೇ ಎಂಜಿನ್ನಿನಲ್ಲಿ ಬೆರೆತಿರುತ್ತಿದ್ದವು. 1955ರಿಂದ ಮದರಾಸಿನಲ್ಲಿ ಜೋಡಣೆಯಾಗತೊಡಗಿದ ರಾಯಲ್ ಎನ್‌ಫೀಲ್ಡ್ ಬುಲೆಟ್‌ಗೂ ಈ ಬೆರಕೆ ಬಂತು.

ಹಳೆಯ ಬುಲೆಟ್‌ಗಳಲ್ಲಿ ಹಾಳಾದ ಥ್ರೆಡ್ಡಿನ ಹಿಂದೆ ಆಗಾಗ ಇರುವುದು ಈ ಗೊಂದಲವೇ. ಕಾಲು ಇಂಚಿನ, 26 ಹಲ್ಲಿನ ರಂಧ್ರದ ಪಿಚ್ 0.977 ಮಿಮೀ, ಎಂ6ರ ಪಿಚ್ 1 ಮಿಮೀ. ಕಣ್ಣಿಗೆ ವ್ಯತ್ಯಾಸ ಕಾಣದು. ಕಾಲು ಇಂಚೆಂದರೆ 6.35 ಮಿಮೀ ಆದ್ದರಿಂದ ಎಂ6 ಬೋಲ್ಟು ಆ ರಂಧ್ರದೊಳಗೆ ಸಲೀಸಾಗಿ ಇಳಿಯುತ್ತದೆ, ಆದರೆ ಹಲ್ಲಿನ ತುದಿಯಷ್ಟೇ ಕಚ್ಚಿರುತ್ತದೆ. ಬಿಗಿಯುವ ಹೊತ್ತಿಗೆ ಆ ತುದಿಗಳು ಪುಡಿಯಾಗಿ ಉದುರುತ್ತವೆ. ಮೈಸೂರಿನಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳಲ್ಲಿ ಈ ತೊಂದರೆ ಇಲ್ಲ. ಅವುಗಳ ಮೂಲ ಚೆಕ್ ವಿನ್ಯಾಸ, ಅಳತೆಗಳು ಮೆಟ್ರಿಕ್. ಎರಡೂ ಗಾಡಿಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಬಳಿ ಎರಡು ಸೆಟ್ ಪಾನಾಗಳಿರುವುದು ಶೋಕಿಗಲ್ಲ.

ಕೆಡುವುದು ಹೇಗೆ

ಅತಿಯಾಗಿ ಬಿಗಿಯುವುದು ಮೊದಲ ಕಾರಣ. ಎಣ್ಣೆ ಬಿಡುವ ಡ್ರೈನ್ ಬೋಲ್ಟಿನ ವಾಷರ್ ಬದಲಾಯಿಸದೆ ಹಳೆಯದನ್ನೇ ಹಾಕಿದಾಗ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುತ್ತದೆಂದು ಇನ್ನರ್ಧ ಸುತ್ತು ಬಿಗಿಯುತ್ತಾರೆ. ಮುಂದಿನ ಬಾರಿ ಮತ್ತೊಬ್ಬರು ಇನ್ನೂ ಸ್ವಲ್ಪ. ಉದ್ದ ಹಿಡಿಕೆಯ ಪಾನಾ, ಗಾಳಿ ಗನ್ನು ಇವು ಈ ಕೆಲಸವನ್ನು ಬೇಗ ಮುಗಿಸುತ್ತವೆ. ನಾಲ್ಕನೆಯ ಸರ್ವೀಸಿನಲ್ಲಿ ಯಾರ ಕೈಯಲ್ಲಿ ಬೋಲ್ಟು ಫ್ರೀ ಆಯಿತೋ ಅವರ ಮೇಲೆ ಅಪವಾದ ಬರುತ್ತದೆ. ನಿಜಕ್ಕೂ ಅದು ನಾಲ್ವರ ಪಾಲಿನ ಕೆಲಸ.

ಎರಡನೆಯದು ಅಡ್ಡ ಹತ್ತಿಸುವುದು. ಬೋಲ್ಟನ್ನು ವಾಲಿಸಿ ಇಟ್ಟು ಮೊದಲ ತಿರುವಿಗೇ ಪಾನಾ ಹಾಕಿದರೆ ಗಟ್ಟಿ ಬೋಲ್ಟು ಮೆದು ಗೋಡೆಯಲ್ಲಿ ತನ್ನದೇ ಹೊಸ ದಾರಿ ಕೊರೆದುಕೊಳ್ಳುತ್ತದೆ. ಇದನ್ನು ತಪ್ಪಿಸಲು ಅನುಭವಿಗಳು ಬೋಲ್ಟನ್ನು ಮೊದಲು ಬೆರಳಿನಿಂದ ಉಲ್ಟಾ ತಿರುಗಿಸುತ್ತಾರೆ. ಹಲ್ಲಿನ ಬಾಯಿ ಸಿಕ್ಕಾಗ ‘ಟಕ್’ ಎಂದು ಸಣ್ಣಗೆ ಇಳಿಯುತ್ತದೆ. ಅಲ್ಲಿಂದ ಸರಿದಿಕ್ಕಿಗೆ ತಿರುಗಿಸಿದರೆ ಅಡ್ಡ ಹತ್ತುವ ಮಾತೇ ಇಲ್ಲ.

ಇನ್ನೊಂದು, ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ ನೀರು, ಉಪ್ಪು ಸೇರಿ ಆಗುವ ವಿದ್ಯುದ್ರಾಸಾಯನಿಕ ಸವೆತ. ಕರಾವಳಿಯ ಗಾಡಿಗಳಲ್ಲಿ ಇದು ಹೆಚ್ಚು. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಊದಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಬಿಚ್ಚುವಾಗ ಹಲ್ಲುಗಳೂ ಜೊತೆಗೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತವೆ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದು ಅದರ ಮೇಲೆ ಬೋಲ್ಟು ಇಳಿಸಿದರೆ ಎಣ್ಣೆ ಕುಗ್ಗದೆ ಕವಚವೇ ಸೀಳುವುದುಂಟು. ಅಂಥ ಕಡೆ ಥ್ರೆಡ್ ದುರಸ್ತಿಗೆ ಜಾಗವೇ ಉಳಿದಿರುವುದಿಲ್ಲ.

ಸಣ್ಣದರಿಂದ ದೊಡ್ಡದಕ್ಕೆ

ಮೊದಲು ನೋಡಬೇಕಾದ್ದು ಹಲ್ಲು ಹೋಗಿದೆಯೋ ಬರೀ ಕೊಳೆ ತುಂಬಿದೆಯೋ ಎಂದು. ಒಣಗಿದ ಅಂಟು, ಕಾರ್ಬನ್, ಬಾಯಿಯ ಹತ್ತಿರ ಮಡಚಿಕೊಂಡ ಒಂದು ಹಲ್ಲು ಇಷ್ಟೇ ಆಗಿದ್ದರೆ ಅದೇ ಅಳತೆಯ ಥ್ರೆಡ್ ಚೇಸರ್ ಕೈಯಲ್ಲಿ ಓಡಿಸಿದರೆ ಸಾಕು. ಚೇಸರ್ ಇದ್ದ ಹಲ್ಲನ್ನು ನೇರಮಾಡುತ್ತದೆ, ಟ್ಯಾಪ್ ಲೋಹವನ್ನು ಕತ್ತರಿಸುತ್ತದೆ. ಚೇಸರ್ ಸಾಕಾಗುವ ಕಡೆ ಟ್ಯಾಪ್ ಹೊಡೆದು ಹಲ್ಲನ್ನು ಇನ್ನಷ್ಟು ತೆಳುವಾಗಿಸುವುದು ಗ್ಯಾರೇಜುಗಳಲ್ಲಿ ದಿನವೂ ನಡೆಯುವ ತಪ್ಪು. ರಂಧ್ರದ ತಳದಲ್ಲಿ ಬಳಸದ ಹಲ್ಲುಗಳು ಉಳಿದಿದ್ದರೆ ಇನ್ನೂ ಸುಲಭದ ದಾರಿ ಇದೆ: ಆಳ ಅಳೆದು, ತಳಕ್ಕೆ ತಾಗದಷ್ಟು ಉದ್ದದ ಬೋಲ್ಟು ಹಾಕುವುದು.

ಹಲ್ಲು ಪೂರ್ತಿ ಹೋಗಿದ್ದರೆ ನಮ್ಮಲ್ಲಿ ಮೊದಲು ನೆನಪಾಗುವುದು ‘ಒಂದು ಸೈಜ್ ದೊಡ್ಡದು’. ಎಂ6 ರಂಧ್ರವನ್ನು 6.8 ಮಿಮೀಗೆ ಕೊರೆದು ಎಂ8 ಟ್ಯಾಪ್ ಹೊಡೆಯುವುದು. ಸುತ್ತ ಲೋಹ ಧಾರಾಳವಾಗಿದ್ದರೆ ಇದು ನಡೆಯುತ್ತದೆ. ಆದರೆ ಕವರಿನ ತೂತನ್ನೂ ದೊಡ್ಡದು ಮಾಡಬೇಕು, ಒಂದೇ ಕವರಿಗೆ ಎರಡು ಅಳತೆಯ ಪಾನಾ ಬೇಕಾಗುತ್ತದೆ, ಮುಂದೆ ಆ ಎಂ8 ಕೂಡ ಹೋದರೆ ದಾರಿ ಮುಚ್ಚಿತು. ಟೆಫ್ಲಾನ್ ಟೇಪ್ ಸುತ್ತುವುದು, ಬೋಲ್ಟಿಗೆ ತಾಮ್ರದ ತಂತಿಯ ಎಳೆ ಸೇರಿಸಿ ತಿರುಗಿಸುವುದು, ಎಂ-ಸೀಲ್ ತುಂಬುವುದು ಇವು ಮನೆ ಮುಟ್ಟಿಸುವ ಉಪಾಯಗಳು, ದುರಸ್ತಿಯಲ್ಲ. ಬೋಲ್ಟಿನ ಅಚ್ಚು ತೆಗೆಯುವ ಎಪಾಕ್ಸಿ ಸೈಡ್ ಪ್ಯಾನೆಲ್ಲಿನಂಥ ಹಗುರ ಕೆಲಸಕ್ಕೆ ಸರಿ.

ಇಂದು ಎಲ್ಲ ಕಡೆ ಚಾಲ್ತಿಯಲ್ಲಿರುವುದು ತಂತಿಯ ಇನ್ಸರ್ಟ್. ಹೆಲಿಕಾಯಿಲ್ ಎಂಬುದು ಒಂದು ಬ್ರ್ಯಾಂಡ್ ಹೆಸರಾದರೂ ವಸ್ತುವಿಗೇ ಅದು ಹೆಸರಾಗಿ ನಿಂತಿದೆ. ವಜ್ರಾಕಾರದ ಅಡ್ಡಕೊಯ್ತವಿರುವ ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿರುತ್ತಾರೆ. ಹೊರಗಿನ ಅಂಚು ರಂಧ್ರದ ಹೊಸ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಗಿನ ಅಂಚು ಮೂಲ ಅಳತೆಯ ಬೋಲ್ಟಿಗೆ ಹಲ್ಲಾಗುತ್ತದೆ. ಬಿಡಿಯಾಗಿದ್ದಾಗ ಸುರುಳಿಯ ವ್ಯಾಸ ರಂಧ್ರಕ್ಕಿಂತ ತುಸು ಹೆಚ್ಚು. ತಿರುಗಿಸಿ ಇಳಿಸುವಾಗ ಕುಗ್ಗಿ, ಬಿಟ್ಟಾಗ ಹಿಗ್ಗಿ ಗೋಡೆಯನ್ನು ಒತ್ತಿ ನಿಲ್ಲುತ್ತದೆ. ಅಂಟು ಬೇಡ.

ಎಂ6ರ ಕೆಲಸವನ್ನೇ ತೆಗೆದುಕೊಳ್ಳೋಣ. ಹಾಳಾದ ಹಲ್ಲುಗಳನ್ನು ಸುಮಾರು 6.3 ಮಿಮೀ ಡ್ರಿಲ್ಲಿನಿಂದ ಕೊರೆದು ತೆಗೆಯುತ್ತಾರೆ. ಆಮೇಲೆ ಕಿಟ್ಟಿನ ಜೊತೆ ಬರುವ ವಿಶೇಷ ಟ್ಯಾಪ್ ಹೊಡೆಯುತ್ತಾರೆ; ಅದರ ಪಿಚ್ 1 ಮಿಮೀಯೇ, ಹೊರವ್ಯಾಸ ಮಾತ್ರ ಸುಮಾರು 7.3 ಮಿಮೀ. ಅಂಗಡಿಯ ಸಾಮಾನ್ಯ ಎಂ7 ಟ್ಯಾಪ್ ಇದಕ್ಕೆ ಆಗುವುದಿಲ್ಲ. ಎಂ8ಕ್ಕೆ ಡ್ರಿಲ್ 8.3ರಿಂದ 8.4. ಅಲ್ಯೂಮಿನಿಯಂ ಟ್ಯಾಪಿಗೆ ಮೆತ್ತಿಕೊಳ್ಳುವ ಲೋಹ. ಸೀಮೆಎಣ್ಣೆ ಹಾಕುತ್ತ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಐಟಿಐ ಫಿಟ್ಟರ್ ತರಗತಿಯಲ್ಲಿ ಕಲಿಸುವ ಕ್ರಮದಲ್ಲೇ ಹೋಗಬೇಕು. ಟ್ಯಾಪ್ ಒಳಗೇ ಮುರಿದರೆ ಕಷ್ಟ ಹತ್ತು ಪಟ್ಟು. ಟ್ಯಾಪಿನ ಉಕ್ಕು ಎಷ್ಟು ಗಟ್ಟಿಯೆಂದರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಜಾರುತ್ತದೆ.

ಚೂರುಗಳನ್ನೆಲ್ಲ ಊದಿ ತೆಗೆದ ಮೇಲೆ ಇನ್ಸರ್ಟನ್ನು ಉಪಕರಣಕ್ಕೆ ಸಿಕ್ಕಿಸಿ, ಕೆಳಕ್ಕೆ ಒತ್ತದೆ, ತಿರುಗುವಿಕೆಯಿಂದಲೇ ಇಳಿಯಲು ಬಿಡುತ್ತಾರೆ. ಒತ್ತಿದರೆ ಸುರುಳಿ ಒಂದು ಹಲ್ಲು ಹಾರಿ ಕೂರುತ್ತದೆ. ಮೇಲಿನ ತುದಿ ರಂಧ್ರದ ಬಾಯಿಗಿಂತ ಕಾಲಿನಿಂದ ಅರ್ಧ ಸುತ್ತು ಕೆಳಗಿರಬೇಕು. ಕೊನೆಗೆ ಸುರುಳಿಯ ತಳದಲ್ಲಿ ಅಡ್ಡ ನಿಂತ ಕಿರುಬಾಲವನ್ನು ಪಂಚ್ ಇಟ್ಟು ತಟ್ಟಿ ಮುರಿಯುತ್ತಾರೆ. ಆ ಬಾಲ ಎಲ್ಲಿ ಬಿತ್ತು ಎಂಬುದಕ್ಕೆ ಲೆಕ್ಕ ಸಿಗಲೇಬೇಕು. ಕ್ರ್ಯಾಂಕ್‌ಕೇಸಿನೊಳಗೆ ಬಿದ್ದದ್ದು ಗೇರಿನ ಹಲ್ಲಿಗೆ ಸಿಗುತ್ತದೆ.

ಮೂಲಕ್ಕಿಂತ ಗಟ್ಟಿ ಎಂದೆನಲ್ಲ, ಅದರ ಕಾರಣ ಸರಳ. ಅಲ್ಯೂಮಿನಿಯಂ ಹಲ್ಲು ಮೊದಲು 6 ಮಿಮೀ ವ್ಯಾಸದ ಸುತ್ತಿನಲ್ಲಿ ಕತ್ತರಿಸಿಹೋಗುತ್ತಿತ್ತು. ಈಗ ಅದೇ ಬೋಲ್ಟಿನ ಭಾರ 7.3 ಮಿಮೀ ವ್ಯಾಸದ ಸುತ್ತಿಗೆ ಹರಡಿದೆ; ಕತ್ತರಿಸಬೇಕಾದ ಲೋಹ ಐದನೆಯ ಒಂದು ಪಾಲಿಗಿಂತ ಹೆಚ್ಚಾಯಿತು. ತಂತಿ ಸ್ವಲ್ಪ ಬಾಗಬಲ್ಲದ್ದರಿಂದ ಮೊದಲ ಹಲ್ಲಿನ ಮೇಲಿನ ಹೊರೆಯೂ ಕೆಳಗಿನವಕ್ಕೆ ಹಂಚಿಹೋಗುತ್ತದೆ. ಬಿಚ್ಚಿ ಹಾಕುವಾಗ ಸವೆಯುವುದು ಉಕ್ಕಿನ ಮೇಲೆ ಉಕ್ಕು.

ಇಷ್ಟೆಲ್ಲ ಕೆಡುವುದು ಡ್ರಿಲ್ ವಾಲಿದಾಗ. ಕೈ ಡ್ರಿಲ್ಲಿನಲ್ಲಿ ಎರಡು ಮೂರು ಡಿಗ್ರಿ ವಾಲಿದ್ದು ಕಣ್ಣಿಗೆ ತಿಳಿಯುವುದಿಲ್ಲ. ಬೋಲ್ಟಿನ ತಲೆ ಒಂದು ಬದಿಗೆ ಮಾತ್ರ ಕೂತು, ವಾಷರ್ ಸೋರಿ, ಕೊನೆಗೆ ಬೋಲ್ಟು ತಲೆಯಡಿ ಮುರಿದಾಗ ತಿಳಿಯುತ್ತದೆ. ಭಾಗವನ್ನು ಬಿಚ್ಚಿ ಪಿಲ್ಲರ್ ಡ್ರಿಲ್ ಅಥವಾ ಮಿಲ್ಲಿಂಗ್ ಯಂತ್ರದಡಿ ಕಟ್ಟಿ ಕೊರೆಯುವುದೇ ಭದ್ರ. ಅದಾಗದಿದ್ದರೆ ದಪ್ಪ ಉಕ್ಕಿನ ತುಂಡಿನಲ್ಲಿ ನೇರ ತೂತು ಮಾಡಿ, ಪಕ್ಕದ ಒಳ್ಳೆಯ ಬೋಲ್ಟಿನಿಂದ ಅದನ್ನು ಕವಚದ ಮುಖಕ್ಕೆ ಬಿಗಿದು, ಡ್ರಿಲ್ಲಿಗೆ ದಾರಿ ಮಾಡಿಕೊಡಬಹುದು. ಲೇತ್ ಅಂಗಡಿಯಲ್ಲಿ ಅರ್ಧ ಗಂಟೆಯ ಈ ಕೆಲಸಕ್ಕೆ ಆಗುವ ಖರ್ಚನ್ನು ಉಳಿಸುವುದು ದುಬಾರಿಯ ಜಿಪುಣತನ.

ತಂತಿಗೆ ಪರ್ಯಾಯವೆಂದರೆ ಗಟ್ಟಿ ಬುಷ್. ಒಳಗೂ ಹೊರಗೂ ಥ್ರೆಡ್ ಇರುವ ತೆಳುಗೋಡೆಯ ಉಕ್ಕಿನ ಕೊಳವೆ ಇದು. ಟೈಮ್‌ಸರ್ಟ್ ಎಂಬ ಮಾದರಿಯಲ್ಲಿ ಮೇಲೊಂದು ಅಂಚು ಇದ್ದು ಹೆಚ್ಚು ಕೆಳಗಿಳಿಯದಂತೆ ತಡೆಯುತ್ತದೆ. ಕೂರಿಸುವ ಉಪಕರಣ ಬುಷ್ಷಿನ ಕೊನೆಯ ಕೆಲವು ಹಲ್ಲುಗಳನ್ನು ಹೊರಕ್ಕೆ ಅರಳಿಸಿ ಗೋಡೆಗೆ ಬಿಗಿಯುತ್ತದೆ. ಪದೇಪದೇ ಬಿಚ್ಚುವ ಕಡೆಗೆ, ಮುಖ್ಯವಾಗಿ ಡ್ರೈನ್ ರಂಧ್ರಕ್ಕೆ ಮತ್ತು ಪ್ಲಗ್ ರಂಧ್ರಕ್ಕೆ, ಇದೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ತಂತಿಯ ಸುರುಳಿ ಕೆಲವೊಮ್ಮೆ ಬೋಲ್ಟಿನ ಜೊತೆಗೇ ಹೊರಬರುತ್ತದೆ. ನಮ್ಮ ಲೇತ್ ಅಂಗಡಿಗಳಲ್ಲಿ ಟರ್ನರುಗಳು ಹಿತ್ತಾಳೆ ಅಥವಾ ಉಕ್ಕಿನ ಬುಷ್ಷನ್ನು ತಾವೇ ಕಡೆದು ಕೂರಿಸುತ್ತ ಬಂದಿರುವುದೂ ಇದೇ ತತ್ವದ ಮೇಲೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿಯ ಲೇತ್‌ಗಳ ಮೇಲೆ ಹೀಗೆ ಕಡೆದ ಬುಷ್ಷುಗಳು ಎಷ್ಟೋ ಹಳೆಯ ಎಂಜಿನ್ನುಗಳಲ್ಲಿ ಇಂದಿಗೂ ಕೂತಿವೆ.

ರಂಧ್ರದ ಅಂಚೇ ಒಡೆದುಹೋಗಿದ್ದರೆ ಆರ್ಗಾನ್ ವೆಲ್ಡಿಂಗಿನಿಂದ ಲೋಹ ತುಂಬಿ, ಮುಖ ಸಮಮಾಡಿ, ಹೊಸದಾಗಿ ಕೊರೆಯಬೇಕು. ಅಚ್ಚಿನಲ್ಲಿ ಒತ್ತಿ ಎರಕಹೊಯ್ದ ಕವಚಗಳಲ್ಲಿ ಸಣ್ಣ ಗಾಳಿಗುಳ್ಳೆಗಳಿರುತ್ತವೆ, ವರ್ಷಗಳ ಎಣ್ಣೆ ಹೀರಿರುತ್ತದೆ. ವೆಲ್ಡು ನೊರೆ ನೊರೆಯಾಗಿ ಏಳುವುದು ಅದಕ್ಕೇ. ಪಳಗಿದ ಕೈ ಬೇಕು.

ಸ್ಪಾರ್ಕ್ ಪ್ಲಗ್ ರಂಧ್ರ

ಈ ರಂಧ್ರಕ್ಕೆ ಪ್ರತ್ಯೇಕ ಎಚ್ಚರ ಬೇಕು, ಏಕೆಂದರೆ ಇದರ ಇನ್ನೊಂದು ತುದಿ ದಹನಕೋಣೆ. ಹಳೆಯ ಗಾಡಿಗಳಲ್ಲಿ ಎಂ14×1.25, ಈಚಿನ ಸಣ್ಣ ಎಂಜಿನ್ನುಗಳಲ್ಲಿ ಎಂ10×1.0 ಸಾಮಾನ್ಯ, ನಡುವೆ ಎಂ12×1.25 ಕೂಡ ಇದೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿಮೀ ಪ್ಲಗ್ಗಿಗೆ 25–30 ನ್ಯೂಟನ್ ಮೀಟರ್, 10 ಮಿಮೀ ಪ್ಲಗ್ಗಿಗೆ 10–12 ಮಾತ್ರ. ದೊಡ್ಡ ಪ್ಲಗ್ಗಿಗೆ ಪಳಗಿದ ಕೈ ಅದೇ ಜೋರಿನಲ್ಲಿ ಸಣ್ಣದನ್ನು ಬಿಗಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಿಸಿ ಎಂಜಿನ್ನಿನಿಂದ ಪ್ಲಗ್ ತೆಗೆಯುವುದೂ ಹಲ್ಲಿಗೆ ಅಪಾಯ.

ಪ್ಲಗ್ಗಿನ ಥ್ರೆಡ್ಡಿನ ಉದ್ದವೂ ಮುಖ್ಯ. 19 ಮಿಮೀ ಬೇಕಾದ ಹೆಡ್ಡಿಗೆ 12.7 ಮಿಮೀ ಪ್ಲಗ್ ಹಾಕಿ ಓಡಿಸಿದರೆ ಕೆಳಗಿನ ಹಲ್ಲುಗಳಲ್ಲಿ ಕಾರ್ಬನ್ ಗಟ್ಟಿಯಾಗುತ್ತದೆ. ಮುಂದೆ ಸರಿಯಾದ ಪ್ಲಗ್ ತಿರುಗಿಸಿದಾಗ ಅದು ಅಡ್ಡ ಬಂದು ಹಲ್ಲು ಕೀಳುತ್ತದೆ. ಹೊರಬಾಯಿಯ ಹಲ್ಲು ಮಾತ್ರ ಕೆಟ್ಟಿದ್ದರೆ ಒಳಗಿನಿಂದ ಹೊರಕ್ಕೆ ಕತ್ತರಿಸುವ ‘ಬ್ಯಾಕ್ ಟ್ಯಾಪ್’ ಇದೆ. ಅದನ್ನು ಕುಗ್ಗಿಸಿ ಒಳಗೆ ತೂರಿಸಿ, ಕೆಳಗಿನ ಒಳ್ಳೆಯ ಹಲ್ಲುಗಳಲ್ಲಿ ಹಿಗ್ಗಿಸಿ, ತಿರುಗಿಸುತ್ತ ಮೇಲೆ ತಂದರೆ ದಾರಿಯೂ ತಪ್ಪದು, ಚೂರೂ ಒಳಗೆ ಬೀಳದು. ಪೂರ್ತಿ ಇನ್ಸರ್ಟ್ ಬೇಕಾದಾಗ ಹೆಡ್ ಬಿಚ್ಚಿ ಮಾಡುವುದು ಲೇಸು. ಬಿಚ್ಚದೆ ಮಾಡುವವರು ಟ್ಯಾಪಿನ ತೋಡುಗಳಿಗೆ ಗ್ರೀಸ್ ತುಂಬಿ, ಚೂರು ಅದಕ್ಕೆ ಅಂಟುವಂತೆ ಮಾಡಿ, ಮೇಲಿಂದ ಮೇಲೆ ಒರೆಸುತ್ತಾರೆ. ಇನ್ಸರ್ಟು ದಹನಕೋಣೆಯೊಳಗೆ ಚಾಚಿಕೊಂಡಿದ್ದರೆ ಆ ತುದಿ ಕೆಂಡವಾಗಿ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ.

ಮುರಿದ ಬೋಲ್ಟು

ಥ್ರೆಡ್ ಕೆಡಲು ಮುರಿದ ಬೋಲ್ಟನ್ನು ತೆಗೆಯುವ ಅವಸರವೂ ಒಂದು ಕಾರಣ. ಸೈಲೆನ್ಸರ್ ಕೊಳವೆಯನ್ನು ಹಿಡಿದ ಸ್ಟಡ್ಡುಗಳಲ್ಲಿ ಇದು ಮಾಮೂಲು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಸುತ್ತಲಿನ ಲೋಹವನ್ನು ಬಿಸಿಗಾಳಿಯಿಂದ ಕಾಯಿಸಿದರೆ ಹಿಡಿತ ಸಡಿಲವಾಗುತ್ತದೆ. ಸ್ಟಡ್ಡಿನ ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿ, ಕೆಂಪು ಆರಿದ ಮೇಲೆ ಪಾನಾ ಹಾಕುವುದು ಲೇತ್ ಅಂಗಡಿಯವರ ನೆಚ್ಚಿನ ದಾರಿ. ವೆಲ್ಡಿನ ಕಾವೇ ಅರ್ಧ ಕೆಲಸ ಮಾಡಿರುತ್ತದೆ. ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ ಬಳಸಿದಾಗ ಎಷ್ಟೋ ಸಲ ತುಂಡು ತಾನಾಗಿ ತಿರುಗಿ ಹೊರಬರುತ್ತದೆ. ತುಂಡನ್ನು ಕಚ್ಚಿ ತಿರುಗಿಸುವ ಎಕ್ಸ್‌ಟ್ರ್ಯಾಕ್ಟರ್ ಹಾಕುವುದು ಕಡೆಯ ಪ್ರಯತ್ನವಾಗಿರಲಿ; ಅದು ಒಳಗೆ ಮುರಿದರೆ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಇರೋಷನ್ ಯಂತ್ರಕ್ಕೇ ಒಯ್ಯಬೇಕು. ಗಡಿಯಾರ ರಿಪೇರಿಯವರಲ್ಲಿ ಒಂದು ಹಳೆಯ ಉಪಾಯವಿದೆ: ಬಿಸಿ ಪಟಿಕದ ನೀರಿನಲ್ಲಿ ಭಾಗವನ್ನು ಮುಳುಗಿಸಿಟ್ಟರೆ ಉಕ್ಕಿನ ತುಂಡು ಮೆಲ್ಲಗೆ ಕರಗುತ್ತದೆ, ಹಿತ್ತಾಳೆ ಉಳಿಯುತ್ತದೆ. ಹಿತ್ತಾಳೆಯ ಸಣ್ಣ ಭಾಗದಲ್ಲಿ ಮುರಿದ ಕಿರುಟ್ಯಾಪಿಗೆ ಇದನ್ನು ಪ್ರಯತ್ನಿಸಬಹುದು, ತಾಳ್ಮೆಯಿದ್ದರೆ.

ಹೊರಥ್ರೆಡ್ಡು, ಎಡಥ್ರೆಡ್ಡು, ಬ್ರೇಕು

ಬೋಲ್ಟಿನ ಹಲ್ಲು ಕೆಟ್ಟರೆ ಹೊಸ ಬೋಲ್ಟು ಹಾಕುವುದಷ್ಟೇ. ಆಕ್ಸಲ್ಲಿನ ತುದಿ ಸುತ್ತಿಗೆ ಏಟಿಗೆ ಅಣಬೆಯಂತೆ ಅರಳಿದ್ದರೆ ಥ್ರೆಡ್ ಅರದಿಂದ ಒಂದೆರಡು ಹಲ್ಲು ತಿದ್ದಬಹುದು. ನಟ್ ಕೂರುವ ಜಾಗದಲ್ಲೇ ಹಲ್ಲು ಹೋಗಿದ್ದರೆ ಆಕ್ಸಲ್ ಬದಲಾಯಿಸಬೇಕು. ಡೈ ಹೊಡೆದು ಸಣ್ಣದು ಮಾಡುವ ಜಾಗ ಅದಲ್ಲ. ಯಮಹಾದ ಬಲಗನ್ನಡಿ ಎಡಥ್ರೆಡ್ಡಿನದು, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಿಚ್ಚಲು ಹೋಗಿ ಬಿಗಿದು ಕಿತ್ತವರು ಎಷ್ಟು ಮಂದಿಯೋ.

ಬ್ರೇಕ್ ಕ್ಯಾಲಿಪರಿಗೆ ಎಣ್ಣೆಕೊಳವೆ ಸೇರಿಸುವ ಬ್ಯಾಂಜೊ ಬೋಲ್ಟು ಜಪಾನಿ ಗಾಡಿಗಳಲ್ಲಿ ಸಾಮಾನ್ಯವಾಗಿ ಎಂ10×1.25, ಬ್ರೆಂಬೊ ಕ್ಯಾಲಿಪರಿನಲ್ಲಿ ಎಂ10×1.0. ಒಂದಕ್ಕೆ ಇನ್ನೊಂದು ಹಾಕಿದರೆ ಹೋಗುವುದು ಹಲ್ಲಷ್ಟೇ ಅಲ್ಲ. ಇಲ್ಲಿ ಇನ್ಸರ್ಟ್ ಹಾಕಬಹುದೇ ಎಂದು ಕೇಳಿದರೆ ಒಳ್ಳೆಯ ಟರ್ನರ್ ಕ್ಯಾಲಿಪರನ್ನು ವಾಪಸ್ ಕೈಗೆ ಕೊಟ್ಟು, ಹೊಸದು ತನ್ನಿ ಎನ್ನುತ್ತಾನೆ.

ಮೈಸೂರಿನ ಹಳೆಯ ಯೆಜ್ಡಿಯ ಸೈಲೆನ್ಸರ್ ಕೊಳವೆ ಸಿಲಿಂಡರಿಗೆ ಸೇರುವ ಕಡೆ ದೊಡ್ಡ ರಿಂಗ್ ನಟ್ ಒಂದಿದೆ. ಕೊಕ್ಕೆ ಪಾನಾದಿಂದ ಬಿಗಿಯಬೇಕಾದ ಅದನ್ನು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಗಿಯುವ ರೂಢಿ ಬೆಳೆದು, ಅಲುಗಾಟವೂ ಸೇರಿ, ಸಿಲಿಂಡರಿನ ಥ್ರೆಡ್ ಸವೆಯುತ್ತದೆ. ಇಂಗ್ಲೆಂಡಿನ ನಾರ್ಟನ್ ಕಮಾಂಡೊದ ಹೆಡ್ಡಿನಲ್ಲೂ ಇಂಥದೇ ರಿಂಗ್, ಇಂಥದೇ ಕಾಯಿಲೆ. ಅಲ್ಲಿ ಹೆಡ್ ಅಲ್ಯೂಮಿನಿಯಂ ಆದ್ದರಿಂದ ಬಾಯಿಯನ್ನು ಕೊರೆದು ಥ್ರೆಡ್ ಇರುವ ಬಳೆ ಕೂರಿಸುತ್ತಾರೆ. ಯೆಜ್ಡಿಯ ಸಿಲಿಂಡರ್ ಬೀಡಿನದು. ಅದಕ್ಕೆ ಲೋಹ ತುಂಬಿ ಲೇತಿನಲ್ಲಿ ಹೊಸ ಹಲ್ಲು ಕಡೆಯುತ್ತಾರೆ. ಆರುವಾಗ ಬೀಡು ಬಿರಿಯದಂತೆ ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತು ನಿಧಾನವಾಗಿ ತಣಿಸುತ್ತಾರೆ. ರಿಂಗನ್ನು ತಣ್ಣಗಿದ್ದಾಗ ಒಮ್ಮೆ ಬಿಗಿದು, ಗಾಡಿ ಓಡಿಸಿ, ಎಂಜಿನ್ ಕಾದ ಮೇಲೆ ಕೊಕ್ಕೆ ಪಾನಾದಿಂದ ಇನ್ನೊಮ್ಮೆ ಬಿಗಿಯಬೇಕು.